ಹನ್ನೆರಡು ಕಾಲೇಜು, ಹನ್ನೆರಡು ಸೋಪಿನ ಹಲ್ಲು

ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕುಳಿತು ಹನ್ನೊಂದು ವರ್ಷದಿಂದ ಹಲ್ಲಿನ ಸೆಟ್ಟು ಮಾಡುತ್ತಿದ್ದವಳನ್ನು ಎಲ್ಲರೂ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುವುದು, ಇವಳು ಅದಕ್ಕೆ ಹಲ್ಲು ಕೂರಿಸಿ ವಾಪಸು ಕಳಿಸುವುದು. ಕಾರ್ಖಾನೆಯಿಂದ ಡಬ್ಬಿಯಲ್ಲಿ ಬರುವ ಹಲ್ಲನ್ನು ಬಂದ ಹಾಗೇ ಕೂರಿಸಿದರೆ ಇವಳಿಗೆ ಸಮಾಧಾನವಿಲ್ಲ. ತುದಿಯನ್ನು ಒಂದಿಷ್ಟು ಉಜ್ಜಿ, ಅಂಚನ್ನು ತುಸು ಸವೆಸಿ, ವಯಸ್ಸಿಗೆ ತಕ್ಕ ಹಲ್ಲು ಮಾಡಿಕೊಡುವಳು. ಕಟ್ಟಿಕೊಂಡ ಹೆಂಡತಿಗೂ ಕಟ್ಟಿಸಿಕೊಂಡ ಹಲ್ಲೆಂದು ಗೊತ್ತಾಗುವುದಿಲ್ಲ ಎಂದು ಡಾಕ್ಟರು ಬಂದವರೆದುರು ಹೊಗಳುತ್ತಿದ್ದರು.

ಇಂಥವಳು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತಾನೂ ಹಲ್ಲಿನ ಡಾಕ್ಟರಾಗಬೇಕೆಂದು ಹಟ ಹಿಡಿದಳು. ಸಂಜೆ ಕಾಲೇಜಿನಲ್ಲಿ ಓದಿ ಬೇಕಾದ ಪರೀಕ್ಷೆಯನ್ನೆಲ್ಲ ಪಾಸು ಮಾಡಿದ್ದಳು. ಆದರೆ ಮೂವತ್ತೈದು ತುಂಬಿದವರನ್ನು ಯಾವ ಕಾಲೇಜೂ ಸೇರಿಸಿಕೊಳ್ಳುವುದಿಲ್ಲ. ಈ ವರ್ಷ ತಪ್ಪಿದರೆ ಕತೆ ಮುಗಿಯಿತು. ಹಾಗಾಗಿ ಎಷ್ಟು ಕಾಲೇಜಿಗೆ ಅರ್ಜಿ ಹಾಕುವುದು ಎಂಬುದೇ ಮನೆಯಲ್ಲಿ ದೊಡ್ಡ ರಗಳೆಯಾಯಿತು. ಮನೆ ಅಕ್ಕ ಭಾವನದು. ಇವಳದು ಅಲ್ಲೊಂದು ಕೋಣೆ.

"ಹನ್ನೆರಡು ಇದೆಯಲ್ಲ, ಹನ್ನೆರಡಕ್ಕೂ ಹಾಕು," ಎಂದಳು ಅಕ್ಕ. "ಎಲ್ಲೋ ಒಂದು ಕಡೆ ಅದೃಷ್ಟ ಕಣ್ಣು ಬಿಡುತ್ತೆ."

"ಒಂದಕ್ಕೆ ಹಾಕ್ಲಿ, ಸರಿಯಾಗಿ ಹಾಕ್ಲಿ," ಎಂದ ಭಾವ. ಭಾವ ಜೀವಮಾನದಲ್ಲಿ ಒಂದೇ ಅರ್ಜಿ ಹಾಕಿ, ಸಿಕ್ಕಿದ ಆ ಕೆಲಸದಲ್ಲೇ ಇಪ್ಪತ್ತು ವರ್ಷದಿಂದ ಗೊಣಗುತ್ತಿದ್ದವನು. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರತಿ ಅರ್ಜಿಯ ಜೊತೆ ಒಂದು ಹಲ್ಲನ್ನೂ ಕಳಿಸಬೇಕಿತ್ತು. ಕೈಕೆಲಸ ನೋಡಲು ಸೋಪಿನ ಗಟ್ಟಿಯಲ್ಲಿ ಕೆತ್ತಿದ ದವಡೆ ಹಲ್ಲು, ಮುಷ್ಟಿಯಷ್ಟು ದೊಡ್ಡದು. ಬೇರೆಯವರಿಗೆ ಅದನ್ನು ನೆನೆದರೇ ಬೆವರಿಳಿಯುತ್ತಿತ್ತು. ಹಲ್ಲಕ್ಕನಿಗೋ ನೀರು ಕುಡಿದಷ್ಟು ಸುಲಭ. ಹನ್ನೆರಡಕ್ಕೂ ಹಾಕುವುದೆಂದು ತೀರ್ಮಾನಿಸಿ, ಒಂದೇ ವಾರದಲ್ಲಿ ಹನ್ನೆರಡು ಹಲ್ಲು ಕೆತ್ತಿ ಕ್ಲಿನಿಕ್ಕಿನ ಕಿಟಕಿಯಲ್ಲಿ ಸಾಲಾಗಿ ಇಟ್ಟಳು. ಕೋಣೆಯೆಲ್ಲ ಸೋಪಿನ ವಾಸನೆ.

ಯಾವುದೋ ಸೆಟ್ಟು ಕೇಳಲು ಬಂದ ಡಾಕ್ಟರು ಒಂದನ್ನು ಕೈಗೆತ್ತಿಕೊಂಡರು. "ಇದು ಯಾರದಮ್ಮ?"

"ಯಾರದೂ ಅಲ್ಲ ಡಾಕ್ಟ್ರೇ. ಕಾಲೇಜಿಗೆ."

"ಯಾರೋ ಅರವತ್ತು ದಾಟಿದವರದು ಇದ್ದಂಗಿದೆ." ಅವರು ಇನ್ನೊಂದನ್ನು ನೋಡಿದರು, ಮತ್ತೊಂದನ್ನು ನೋಡಿದರು. "ಅವರಿಗೆ ಈಗ ತಾನೇ ಹುಟ್ಟಿದ ಹಲ್ಲು ಬೇಕಮ್ಮ. ಮೇಲಿನ ದಿಬ್ಬ ಎತ್ತರ ಇರಬೇಕು, ನಡುವಿನ ಗೀರು ಆಳ ಇರಬೇಕು. ನೀನು ಎಲ್ಲಾನೂ ಉಜ್ಜಿ ನುಣ್ಣಗೆ ಮಾಡಿಟ್ಟಿದೀಯ. ಹನ್ನೆರಡು ಕಡೆ ಕಳಿಸಿದ್ರೆ ಹನ್ನೆರಡು ಕಡೇನೂ ಸೊನ್ನೆ."

ಹಲ್ಲಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಯಾವುದಕ್ಕೆ ಬೆನ್ನು ತಟ್ಟಿದರೋ ಅದಕ್ಕೇ ಈಗ ಸೊನ್ನೆ ಎನ್ನುತ್ತಾರೆ. ಆದರೆ ಅವರು ಹೋದ ಮೇಲೆ ಹನ್ನೆರಡನ್ನೂ ಬೆಳಕಿಗೆ ಹಿಡಿದು ನೋಡಿದಳು. ಡಾಕ್ಟರು ಹೇಳಿದ್ದು ನಿಜವಾಗಿತ್ತು. ಅರ್ಜಿ ತಲುಪಿಸಲು ಐದು ದಿನ ಉಳಿದಿತ್ತು.

ಮನೆಗೆ ಬಂದವಳೇ ಅಕ್ಕನ ಏಳು ವರ್ಷದ ಮಗಳನ್ನು ಕಿಟಕಿಯ ಬಳಿ ಕೂರಿಸಿ ಟಾರ್ಚು ಹಿಡಿದಳು. "ಎಲ್ಲಿ, ಆ ಅನ್ನು."

"ಯಾಕೆ ಚಿಕ್ಕಮ್ಮ, ಹುಳ ಬಿದ್ದಿದ್ಯಾ?"

"ಇಲ್ಲ ಕಣೇ. ಸುಮ್ನೆ ನೋಡ್ಬೇಕು."

"ಸುಮ್ನೆ ಯಾರಾದ್ರೂ ಬಾಯಿ ನೋಡ್ತಾರಾ?" ಎಂದು ಮೂಗು ಮುರಿದು, ಒಂದು ಕತೆ ಹೇಳಬೇಕೆಂದು ಕರಾರು ಮಾಡಿಕೊಂಡೇ ಅವಳು ಬಾಯಿ ತೆರೆದದ್ದು.

ಕೆಳದವಡೆಯಲ್ಲಿ ಹೊಸ ದವಡೆ ಹಲ್ಲು ಎದ್ದು ನಿಂತಿತ್ತು. ಐದು ದಿಬ್ಬಗಳು, ಒಂದೊಂದೂ ಚೂಪು, ನಡುವೆ ಕತ್ತಿಯಿಂದ ಕೊರೆದಂಥ ಗೀರು. ಹನ್ನೊಂದು ವರ್ಷ ಹಲ್ಲಿನದೇ ಕೆಲಸ, ಆದರೆ ಬೇರೂರಿ ನಿಂತ ಹೊಸ ಹಲ್ಲನ್ನು ಕೂತು ನೋಡಿದ್ದು ಅದೇ ಮೊದಲು. ಅವಳ ಮೇಜಿಗೆ ಬಂದದ್ದೆಲ್ಲ ಬರಿದಾದ ವಸಡಿನ ಅಚ್ಚುಗಳೇ. ಇಂಥದ್ದನ್ನು ಇಷ್ಟು ವರ್ಷ ನೋಡದೇ ಹೋದೆನಲ್ಲ ಎಂದು ಅವಳಿಗೆ ಬಹಳ ದುಃಖವಾಯಿತು. ಹುಡುಗಿ ಬಾಯಿ ನೋಯುತ್ತದೆಂದು ಕೂಗುವವರೆಗೆ ಟಾರ್ಚು ಆರಿಸಲಿಲ್ಲ.

ನೋಡಿದ್ದು ಕಣ್ಣು, ಕೆತ್ತಬೇಕಾದ್ದು ಕೈ. ಕೈ ಜಪ್ಪಯ್ಯ ಅಂದರೂ ಮಾತು ಕೇಳಲಿಲ್ಲ. ದಿಬ್ಬ ಚೂಪಾಗಿ ಎದ್ದಿತೆನ್ನುವಷ್ಟರಲ್ಲಿ ಹೆಬ್ಬೆರಳು ತಾನೇ ಹೋಗಿ ತುದಿಯನ್ನು ಉಜ್ಜಿಬಿಡುತ್ತಿತ್ತು. ಕೊನೆಗೆ ಹೆಬ್ಬೆರಳಿಗೆ ದಪ್ಪನೆ ಬಟ್ಟೆ ಸುತ್ತಿ ಕೂತಳು. ಐದು ದಿನ ಮುಗಿದಾಗ ಹೊಸ ಹಲ್ಲು ಎನ್ನಬಹುದಾದದ್ದು ಮೂರು.

"ಉಳಿದ ಒಂಬತ್ತಕ್ಕೆ ಹಳೇದನ್ನೇ ಕಳ್ಸು," ಎಂದಳು ಅಕ್ಕ. "ಕಳ್ಕೊಳ್ಳೋದೇನಿದೆ? ಯಾರೋ ಕಣ್ಣು ಮಂಜಾದವರು ಪಾಸು ಮಾಡ್ತಾರೆ."

"ಬೇಡ ಅಕ್ಕ. ತಪ್ಪು ಅಂತ ಗೊತ್ತಾದ್ಮೇಲೆ ನನ್ನ ಹೆಸರು ಬರೆದು ಹೇಗೆ ಕಳಿಸ್ಲಿ?"

"ಕೊನೇ ವರ್ಷ ಕಣೇ ಇದು!"

"ಗೊತ್ತು."

ಅಕ್ಕ ಎರಡು ದಿನ ಮಾತು ಬಿಟ್ಟಳು. ಭಾವನಿಗೆ ಮಾತ್ರ ತನ್ನ ಮಾತು ಕಾಲುಭಾಗವಾದರೂ ನಡೆಯಿತೆಂದು ಖುಷಿ.

ಎರಡು ಕಾಲೇಜು ಬೇಡವೆಂದವು. ಮೂರನೆಯದು ಸಂದರ್ಶನಕ್ಕೆ ಕರೆಯಿತು. ಉದ್ದ ಮೇಜಿನಾಚೆ ಮೂವರು ಕೂತಿದ್ದರು. ನಡುವೆ ಕೂತ ಹಿರಿಯ ಪ್ರೊಫೆಸರಮ್ಮನ ಕೈಯಲ್ಲಿ ಇವಳ ಸೋಪಿನ ಹಲ್ಲು.

"ಇಷ್ಟು ಒಳ್ಳೇ ಕೈ ಇಟ್ಕೊಂಡು ಮೂರೇ ಕಾಲೇಜಿಗೆ ಹಾಕಿದೀನಿ ಅಂತ ಅರ್ಜೀಲಿ ಬರೆದಿದೀರಲ್ಲ, ಯಾಕೆ?"

"ಹನ್ನೆರಡು ಕೆತ್ತಿದ್ದೆ ಮೇಡಂ. ಎಲ್ಲಾ ಸವೆದ ಹಲ್ಲಾಗೋಯ್ತು. ಹೊಸದು ಮಾಡೋಕೆ ಬಂದಿದ್ದು ಮೂರೇ."

"ಸೋಪು ಹೇಗ್ರೀ ಸವೆಯುತ್ತೆ? ಬಾಯಲ್ಲಿ ಇಟ್ಕೊಂಡಿದ್ರಾ?" ಎಂದು ಪಕ್ಕದವರು ನಕ್ಕರು.

ಹಲ್ಲಕ್ಕ ನಗಲಿಲ್ಲ. "ನಾನು ಸೆಟ್ಟು ಮಾಡೋಳು. ನನ್ನ ಹತ್ರ ಬರೋ ಹೊತ್ತಿಗೆ ಯಾರ ಬಾಯಲ್ಲೂ ಹಲ್ಲೇ ಇರಲ್ಲ. ಇದ್ದಾಗ ಹೇಗಿತ್ತು ಅಂತ ನಾನು ನೋಡೇ ಇರ್ಲಿಲ್ಲ ಮೇಡಂ."

ನಗು ನಿಂತಿತು. ಪ್ರೊಫೆಸರಮ್ಮ ಹಲ್ಲನ್ನು ಮೇಜಿನ ಮೇಲಿಟ್ಟು, ಅಕ್ಕಪಕ್ಕದವರನ್ನು ಒಮ್ಮೆ ನೋಡಿದರು.

"ಕ್ಲಾಸು ಬೆಳಿಗ್ಗೆ ಎಂಟಕ್ಕೆ ಶುರುವಾಗುತ್ತೆ," ಎಂದರು. "ತಡ ಮಾಡ್ಬೇಡಿ."