ಬರಿತಲೆಯ ವೀರನ ಹೆಂಡತಿ

ಕೆನಡಾದ ಸಸ್ಕಾಚೆವನ್‌ನ ಈ ಸಣ್ಣ ಊರಿಗೆ ಇನ್ನೂ ಬೆಳಕು ಹರಿದಿಲ್ಲ. ಐಸ್ ಹಾಕಿ ಅಂಗಳದ ಹಿಂಬದಿಯ ಕೋಣೆಯಲ್ಲಿ ವರ್ನಾ ಕೊವಾಲ್ ಸ್ಕೇಟಿಂಗ್ ಬೂಟಿನ ಅಲಗನ್ನು ತಿರುಗುವ ಸಾಣೆಕಲ್ಲಿಗೆ ಒಡ್ಡಿದ್ದಾರೆ. ಕಿಡಿ ಹಾರುತ್ತಿದೆ. ಶಾಲೆಗೆ ಮುಂಚೆ ಆಡಲು ಬರುವ ಮಕ್ಕಳಿಗಾಗಿ ದಿನಾ ಮೂವತ್ತು ನಲವತ್ತು ಜೊತೆ. ಪಕ್ಕದ ಬೆಂಚಿನಲ್ಲಿ ಗಂಡ ಓರೆಸ್ಟ್ ಒಂದು ಬೂಟಿಗೆ ಲೇಸು ಪೋಣಿಸುತ್ತಾರೆ, ಬಿಚ್ಚುತ್ತಾರೆ, ಮತ್ತೆ ಪೋಣಿಸುತ್ತಾರೆ.

"ಇವತ್ತು ನಮ್ಮ ಆಟ ಯಾರ ಮೇಲೆ?"

"ಇವತ್ತು ರಜೆ ಕಣೋ."

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ.

ಹೆಲ್ಮೆಟ್ ಇಲ್ಲದೆ ವೃತ್ತಿಪರ ಹಾಕಿ ಆಡಿದ ಕೊನೆಯ ಕೆಲವರಲ್ಲಿ ಓರೆಸ್ಟ್ ಒಬ್ಬರು. ಹೊಸಬರಿಗೆಲ್ಲ ಹೆಲ್ಮೆಟ್ ಕಡ್ಡಾಯವಾದಾಗ, ಹಳಬರು ಬೇಡವೆಂದು ರುಜು ಹಾಕಿ ಬರಿತಲೆಯಲ್ಲೇ ಆಡಬಹುದಿತ್ತು. ಓರೆಸ್ಟ್ ರುಜು ಹಾಕಿದರು. ಹಾಕದೆ ಹೋಗಿದ್ದರೆ ಜೊತೆಯವರ ಗೇಲಿಗೆ ತಲೆ ಎತ್ತುವಂತಿರಲಿಲ್ಲ. ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ ಹಣೆಗೆ ಬಡಿದರೆ ಅಲ್ಲೇ ಅಂಗಳದ ಬದಿಯಲ್ಲಿ ನಿಲ್ಲಿಸಿ ಹೊಲಿಗೆ ಹಾಕಿ, ಮತ್ತೆ ಐಸಿಗೆ ಇಳಿಸುತ್ತಿದ್ದರು.

ಆಟ ನೋಡಲು ಕೂತ ಹೆಂಡಿರಿಗೂ ಒಂದು ಕಟ್ಟಳೆಯಿತ್ತು: ಗಂಡ ಬಿದ್ದರೆ ಎದ್ದು ನಿಲ್ಲಬಾರದು.

"ಎದ್ರೆ ಅವನ ಮರ್ಯಾದೆ ಹೋಯ್ತು ಅಂತ. ಲಿಪ್‌ಸ್ಟಿಕ್ ಹಾಕ್ಕೊಂಡು, ಕೈಚೀಲ ತೊಡೆ ಮೇಲಿಟ್ಕೊಂಡು, ಕಲ್ಲಿನ ಥರ ಕೂತಿರ್ತಿದ್ವಿ. ಕೈಚೀಲದ ಹಿಡಿ ಮಾತ್ರ ವರ್ಷಕ್ಕೊಂದು ಕಿತ್ತುಹೋಗ್ತಿತ್ತು," ಎನ್ನುತ್ತಾರೆ ವರ್ನಾ. ನಗುವುದಿಲ್ಲ.

ಓರೆಸ್ಟ್‌ಗೆ ಮಗಳ ಹೆಸರು ಮರೆತುಹೋದ ವರ್ಷ ಹಳೆಯ ಕ್ಲಬ್ಬಿನಿಂದ ಯಾರೂ ಬರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವುದು ಮರೆತ ವರ್ಷವೂ ಇಲ್ಲ. ಹೋದ ವಾರ ಮಾತ್ರ ಕ್ಲಬ್ಬಿನ ವ್ಯವಸ್ಥಾಪಕ ಡಾರ್ಸಿ ಹೂಗುಚ್ಛ ಹಿಡಿದು ಇದೇ ಕೋಣೆಗೆ ಬಂದರು. ಕೊನೆಯ ಬರಿತಲೆಯ ವೀರರಿಗೆ ಸನ್ಮಾನವಂತೆ.

"ಐಸಿನ ಮೇಲೆ ಒಂದೇ ಒಂದು ಸುತ್ತು, ಮಿಸೆಸ್ ಕೊವಾಲ್. ಕೂದಲು ಹಾರ್ತಾ ಇರ್ಬೇಕು. ಜನ ಬರೋದೇ ಅದನ್ನ ನೋಡೋಕೆ."

"ಕೂದಲೇನೋ ಹಾರುತ್ತೆ. ಬಿದ್ರೆ?"

"ಅಯ್ಯೋ, ವೀರರು ಕಣ್ರೀ ಅವರು!"

"ವೀರರಲ್ಲಪ್ಪಾ, ಹುಡುಗರು. ಬೇಡ ಅಂತ ಹೇಳೋ ದೊಡ್ಡೋರು ಒಬ್ಬರೂ ಇಲ್ದಿದ್ದ ಹುಡುಗರು. ಅವತ್ತು ಆ ತಲೆ ತೋರ್ಸಿ ಟಿಕೆಟ್ ಮಾರಿದ್ರಿ. ಇವತ್ತು ಅದೇ ತಲೇನ ಇನ್ನೊಂದ್ಸಲ ಮಾರೋಕೆ ಬಂದ್ರಾ? ಹೆಲ್ಮೆಟ್ ಹಾಕ್ಕೊಂಡು ಬರ್ತಾನೆ. ಇಲ್ಲಾಂದ್ರೆ ಇಲ್ಲ."

"ಹಾಕ್ಕೊಂಡ್ರೆ ಕಾರ್ಯಕ್ರಮಕ್ಕೇನು ಅರ್ಥ?"

ಫೋನ್ ಮಾಡುತ್ತೇನೆಂದು ಹೋದ ಡಾರ್ಸಿ ಮಾಡಿಲ್ಲ. ಸನ್ಮಾನದ ಪಟ್ಟಿಯಲ್ಲಿ ಈಗ ಓರೆಸ್ಟ್ ಹೆಸರಿಲ್ಲ.

ವರ್ನಾ ಸಾಣೆಯಂತ್ರ ಆರಿಸುತ್ತಾರೆ. "ಜನ ಕೂಗೋದು ಕೇಳಿದ್ರೆ ಇವನಿಗೆ ಎಷ್ಟು ಖುಷಿಯಾಗ್ತಿತ್ತು ಅಂತ ನನಗೆ ಗೊತ್ತಿಲ್ವಾ? ಅದನ್ನ ಕಿತ್ಕೊಂಡೋಳು ನಾನೇ. ಕಿತ್ಕೊಂಡೆ, ಹೌದು."

ಮಕ್ಕಳು ಬರುವ ಮೊದಲು ಅಂಗಳ ಖಾಲಿಯಿರುತ್ತದೆ. ದಿನವೂ ಈ ಹೊತ್ತಿಗೆ ಗಂಡನನ್ನು ಐಸಿಗೆ ಕರೆದೊಯ್ಯುವುದು ವರ್ನಾರ ರೂಢಿ. ಬಾಗಿಲ ಬಳಿ ಅವರು ಹೆಲ್ಮೆಟ್ ಎತ್ತಿದಾಗ ಓರೆಸ್ಟ್ ತಲೆ ಹಿಂದಕ್ಕೆಳೆಯುತ್ತಾರೆ.

"ಬೇಡ ವರ್ನಾ. ಹುಡುಗರು ನಗ್ತಾರೆ. ಹೆದರುಪುಕ್ಕಲ ಅಂತಾರೆ."

"ಅಂದೋರನ್ನ ನನ್ನ ಹತ್ರ ಕಳ್ಸು," ಎನ್ನುತ್ತಾರೆ ವರ್ನಾ, ಹೆಲ್ಮೆಟ್ ತೊಡಿಸಿ ಅದರ ಪಟ್ಟಿ ಹಿಡಿಯುತ್ತ. "ಎಲ್ಲಿ, ಗದ್ದ ಎತ್ತು."

ಓರೆಸ್ಟ್ ಗದ್ದ ಎತ್ತುತ್ತಾರೆ.