ಇಳಿಸಿ ಅಳೆದದ್ದು

ಸ್ತನ ಕ್ಯಾನ್ಸರಿಗೆ ಯಂತ್ರ ಕೊಡುವ ವಿಕಿರಣದ ಪ್ರಮಾಣ ಅಳೆಯುವುದು ನನ್ನ ಕೆಲಸವಾಗಿತ್ತು. ಒಮ್ಮೆ ನನ್ನನ್ನು ನೋಡಲು ಮೊಳಕಾಲ್ಮುರಿನಿಂದ ಬಂದ ಅವ್ವ, ನಾನು ಯಂತ್ರದಡಿಯ ನೀರಿನ ತೊಟ್ಟಿಗೆ ಅಳತೆಯ ಕಡ್ಡಿ ಇಳಿಸುವುದನ್ನು ಕಣ್ಣರಳಿಸಿ ನೋಡಿದಳು.

"ನೀರಿಗ್ಯಾಕೆ ಕಿರಣ ಕೊಡ್ತೀಯಾ?"

"ಮೈಯೊಳಗೂ ಬಹಳ ಪಾಲು ನೀರೇ ಅಲ್ವೇನವ್ವ? ಇಲ್ಲಿ ಸರಿ ಬಂದ್ರೆ ಅಲ್ಲೂ ಸರಿ."

ರೇಷ್ಮೆ ಸೀರೆ ನೇಯುವ ಅವಳು ಒಪ್ಪಲಿಲ್ಲ. "ಮಗ್ಗದ ಮೇಲೆ ಬಿಗಿದಾಗ ಸೀರೆ ಒಂದಳತೆ, ಇಳಿಸಿದ ಮೇಲೆ ಇನ್ನೊಂದು. ನೀನು ಹಂಗೆ ಇಳಿಸಿ, ಮೈಮೇಲೆ ಅಳೆದಿದ್ದೀಯಾ?"

ನನಗೆ ಸಿಟ್ಟೂ ಬಂತು, ಕುತೂಹಲವೂ ಹುಟ್ಟಿತು. ಮರುದಿನ ಒಬ್ಬ ರೋಗಿಯನ್ನು ಕೇಳಿ, ಆಕೆಯ ಎದೆಗೆ ವಿಕಿರಣ ಅಳೆಯುವ ಪುಟ್ಟ ಬಿಲ್ಲೆಯೊಂದನ್ನು ಅಂಟಿಸಿದೆ. ಅಳತೆ ನೀರಿನ ಲೆಕ್ಕಕ್ಕೆ ಸರಿಯಾಗಿಯೇ ಬಂತು. ಅಷ್ಟರಲ್ಲಿ ಊರಿಗೆ ಮರಳಿದ್ದ ಅವ್ವನಿಗೆ ಫೋನ್ ಮಾಡಿ ಬೀಗುತ್ತಾ ಹೇಳಿದೆ.

"ಬಿಲ್ಲೆ ಅಂಟಿಸ್ಕೊಂಡ ಆಯಮ್ಮಂಗೆ, ಸರಿ ಬಂತು ಅಂತ ಹೇಳಿದ್ಯಾ?" ಎಂದಳು ಅವ್ವ.

ಹೇಳಿರಲಿಲ್ಲ.