ಮುಚ್ಚಳದ ಒಳಗಿನ ಅಂಕಿ

ಟಿಕ್. ಆಮೇಲೆ ಒಂದಷ್ಟು ಹೊತ್ತು ಏನೂ ಇಲ್ಲ. ಮತ್ತೆ ಟಿಕ್.

ಬೆಳಿಗ್ಗೆ ಹತ್ತೂವರೆಗೆ ಆ ಅಂಗಡಿಯ ಮುಂದೆ ಹಾದುಹೋದವರಿಗೆ ಅದು ಗೋಡೆ ಗಡಿಯಾರದ ಸದ್ದು ಅನ್ನಿಸಿದ್ದರೆ ತಪ್ಪಿಲ್ಲ. ಮೀಟರಕ್ಕ ಮಾತ್ರ ಕಣ್ಣು ಮುಚ್ಚಿಕೊಂಡು ಅದನ್ನೇ ಕೇಳುತ್ತಿದ್ದಳು. ಹಳೆಯ ಕಾರೊಂದರ ಮೀಟರನ್ನು ಮೇಜಿನ ಮೇಲೆ ಮಲಗಿಸಿ, ಅದರ ಬೆನ್ನಿಗೆ ಕೇಬಲ್ ಸಿಕ್ಕಿಸಿ, ಕೇಬಲ್ಲಿನ ಇನ್ನೊಂದು ತುದಿಯನ್ನು ಹೊಲಿಗೆ ಮಿಷನ್ನಿನ ಮೋಟಾರಿಗೆ ಕಟ್ಟಿ ಓಡಿಸುತ್ತಿದ್ದಳು. ವೇಗದ ಮುಳ್ಳು ನಲವತ್ತರ ಮೇಲೆ ನೆಟ್ಟಗೆ ನಿಂತಿತ್ತು. ಅದರ ಕೆಳಗಿನ ಪುಟ್ಟ ಕಿಟಕಿಯಲ್ಲಿ ಕಿಲೋಮೀಟರಿನ ಅಂಕಿಗಳು 061912ರಲ್ಲೇ ಬಿದ್ದುಕೊಂಡಿದ್ದವು. ಒಳಗೆಲ್ಲೋ ಒಂದು ಹಲ್ಲುಗಾಲಿ ಸುತ್ತಿಕೊಂಡು ಬಂದು, ಹಲ್ಲು ಮುರಿದ ಜಾಗದಲ್ಲಿ ಜಾರಿ, ಟಿಕ್ ಅನ್ನುತ್ತಿತ್ತು.

ಊರಿಗೆಲ್ಲ ಅವಳು ಮೀಟರಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಬೈಸಿಕೊಳ್ಳುವುದು ಹೇಗೂ ತಪ್ಪುವುದಿಲ್ಲ, ಅಕ್ಕನಿಂದ ಬೈಸಿಕೊಂಡರೆ ಮರ್ಯಾದೆಯಾದರೂ ಉಳಿಯುತ್ತದೆ ಎಂಬ ಲೆಕ್ಕ. ಕಾರು ಓಡುತ್ತಿರುವಾಗಲೇ ಸಣ್ಣ ಮೀಟರನ್ನು ಸೊನ್ನೆ ಮಾಡುವ ಗುಂಡಿ ಒತ್ತಿ ಹಲ್ಲು ಮುರಿದುಕೊಂಡು ಬಂದವರಿಗೆ, "ಊಟ ಮಾಡ್ತಿರೋವಾಗ ಯಾರಾದ್ರೂ ಬಂದು ಗದ್ದಕ್ಕೆ ಗುದ್ದಿದ್ರೆ ನಿಮ್ಮ ಹಲ್ಲು ಉಳಿಯುತ್ತಾ?" ಎಂದು ಕೇಳುತ್ತಿದ್ದಳು. ಮುಳ್ಳು ಅಲುಗುತ್ತದೆ ಎಂದು ಮೀಟರಿಗೆ ಅಡುಗೆ ಎಣ್ಣೆ ಬಿಟ್ಟುಕೊಂಡು ಬಂದ ಬ್ಯಾಂಕಿನ ಗುಮಾಸ್ತರೊಬ್ಬರಿಗೆ, ಒಗ್ಗರಣೆಯೊಂದು ಬಾಕಿ ಇದೆ ಎಂದಿದ್ದಳು. ಅವಳ ಗಂಡ ಬಡಗಿ, ಮಾತು ಕಡಿಮೆ. ಎಲ್ಲ ಗಾಡಿಗೂ ಮೀಟರ್ ಇದೆ, ನಿನ್ನ ಕೋಪಕ್ಕೊಂದೇ ಇಲ್ಲ ಎಂದು ಮದುವೆಯಾದ ವರ್ಷ ಒಂದು ಸಲ ಹೇಳಿದ್ದ. ಆಮೇಲೆ ಅದನ್ನು ಮತ್ತೆ ಹೇಳುವ ಅಗತ್ಯ ಅವನಿಗೆ ಬೀಳಲಿಲ್ಲ.

ಆ ಮೀಟರು ನರ್ಸಮ್ಮನ ಕಾರಿನದು. ನರ್ಸಮ್ಮ ಊರಿನ ಕ್ಲಿನಿಕ್ಕಿನಿಂದ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವವಳು. ಕೆಲವರನ್ನು ತನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆತಂದು ವಾಪಸು ಬಿಡುವವಳು. ಬೆಳಿಗ್ಗೆ ಎಂಟಕ್ಕೇ ಬಂದು ಕಾರು ನಿಲ್ಲಿಸಿ, ಬೀಗದಕೈ ಮೇಜಿನ ಮೇಲಿಟ್ಟು, ಕೈಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದಿದ್ದಳು. ಕಾರು ಕೊಂಡ ಎರಡು ತಿಂಗಳಿಂದ ದಿನಾ ಎಷ್ಟು ಓಡಿಸಿದೆ ಎಂದು ಅದರಲ್ಲಿ ಬರೆಯುತ್ತಿದ್ದಳಂತೆ. ಎಂಜಿನ್ನಿನ ಒಳಗೆ ಒಂದು ರಬ್ಬರಿನ ಬೆಲ್ಟ್ ಇರುತ್ತದೆ, ಲಕ್ಷ ಕಿಲೋಮೀಟರಿಗೆ ಅದನ್ನು ಬದಲಾಯಿಸದಿದ್ದರೆ ಓಡುತ್ತಿರುವಾಗಲೇ ತುಂಡಾಗಿ ಎಂಜಿನ್ ಹಾಳಾಗಿ ನಿಂತುಬಿಡುತ್ತದೆ ಎಂದು ಯಾರೋ ಹೇಳಿದ್ದರು. ಕಾರಿನ ಪುಸ್ತಕದಲ್ಲೂ ಹಾಗೇ ಇತ್ತು. ಇನ್ನೂ ಮೂವತ್ತೆಂಟು ಸಾವಿರ ಇದೆ ಎಂದು ಅವಳು ಲೆಕ್ಕ ಇಟ್ಟಿದ್ದಳು. ಅಂಕಿ ನಿಂತ ದಿನದಿಂದ ಲೆಕ್ಕ ತಪ್ಪೀತೆಂದು ಅವಳಿಗೆ ಸಮಾಧಾನವಿಲ್ಲ. ಹಿಂದೆ ಕೂತವರು ಎದ್ದು ಇಳಿಯುವಂಥವರಲ್ಲ ನೋಡಿ, ಎಂದಳು. ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದಳು.

"ನೀವೇ ಮೀಟರ್ ನೋಡಿ ಸರಿ ಇದೆ ಅಂದಿದ್ರಂತಲ್ಲ, ಅದಕ್ಕೇ ಧೈರ್ಯವಾಗಿ ತಗೊಂಡೆ."

ಮೀಟರಕ್ಕ ಆ ಮೀಟರನ್ನು ಅದೇ ಮೊದಲು ನೋಡುತ್ತಿದ್ದುದು. ಹಳೇ ಕಾರು ಮಾರುವ ಅಂಗಳದವರು ಬಾಯಿಗೆ ಬಂದದ್ದು ಹೇಳುತ್ತಾರೆ ಎಂದುಕೊಂಡು ಸುಮ್ಮನಾಗಿದ್ದಳು. ಈಗ ಮೋಟಾರು ನಿಲ್ಲಿಸಿ ಕಿಟಕಿಯ ಹತ್ತಿರ ಕಣ್ಣು ತಂದಳು. ಆರು ಅಂಕಿಗಳಲ್ಲಿ ಬಲಗಡೆಯ ನಾಲ್ಕು ಒಂದೇ ಸಾಲಿನಲ್ಲಿದ್ದವು. ಎಡಗಡೆಯ ಎರಡು, ಸೊನ್ನೆ ಮತ್ತು ಆರು, ಕೂದಲೆಳೆಯಷ್ಟು ಕೆಳಗೆ ಜೋತಿದ್ದವು. ಬೇರೆ ಯಾರಿಗೂ ಅದು ಕಾಣುವಂಥದ್ದಲ್ಲ.

ಈ ಕೆಲಸ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಮೊದಲು ಕೈಗಡಿಯಾರ ರಿಪೇರಿ ಮಾಡುತ್ತಿದ್ದ. ಗಡಿಯಾರದ ಬೆನ್ನಿನ ಮುಚ್ಚಳದ ಒಳಗೆ ಸೂಜಿಯಿಂದ ತನ್ನ ಗುರುತು ಗೀಚುವುದು ಆ ಕಸುಬಿನವರ ರೂಢಿ. ಕಾರಿನ ಮೀಟರಿಗೆ ಕೈ ಹಾಕಿದ ಮೇಲೂ ಅಪ್ಪ ಅದನ್ನು ಬಿಡಲಿಲ್ಲ. ಅಂಕಿಯ ಉರುಳೆಗಳನ್ನು ಬಿಚ್ಚಿದರೆ ಅವು ತಮ್ಮಷ್ಟಕ್ಕೆ ತಿರುಗಿಬಿಡುತ್ತವೆ, ಮೊದಲು ಎಷ್ಟಿತ್ತು ಎಂಬುದೇ ಮರೆತುಹೋಗುತ್ತದೆ. ಆದ್ದರಿಂದ ಉರುಳೆ ಮುಟ್ಟುವ ಮೊದಲು ಮುಚ್ಚಳದ ಒಳಗೆ ಆ ಅಂಕಿ ಗೀಚಬೇಕು, ಪಕ್ಕದಲ್ಲಿ ನಮ್ಮ ಗುರುತು ಹಾಕಬೇಕು. ಅಪ್ಪನದು ಚುಕ್ಕೆ, ಅವಳದು ಗೆರೆ, ತಮ್ಮನದು ಕೊಕ್ಕೆ. ಮಕ್ಕಳಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಕಲಿಸಿದ. ಗೀಚದೆ ಉರುಳೆ ಮುಟ್ಟಿದ ಕೈಯ ಗೆಣ್ಣಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೇಟು. ತಮ್ಮನಿಗೆ ಏಟು ಜಾಸ್ತಿ ಬಿದ್ದಿದ್ದವು. ಅಪ್ಪನ ಕೈ ನಡುಗತೊಡಗಿದ ಮೇಲೆ ಅಕ್ಕ ತಮ್ಮ ಸೇರಿ ಹದಿನಾಲ್ಕು ವರ್ಷ ಅಂಗಡಿ ನಡೆಸಿದರು. ಆಮೇಲೆ ತಮ್ಮ, ಕೂತು ಕೂತು ಬೆನ್ನು ಸೋತಿತು ಎಂದು ಹಳೇ ಕಾರು ಮಾರುವ ಅಂಗಳ ಸೇರಿದ. ಬೋರ್ಡಿನ ಮೇಲೆ ಮಾತ್ರ ಇಬ್ಬರೂ ಉಳಿದರು.

ಮೀಟರಕ್ಕ ಗಾಜಿನ ಸುತ್ತಿನ ಅಂಚನ್ನು ನಿಧಾನಕ್ಕೆ ಎಬ್ಬಿಸಿದಳು. ಎರಡು ಟೀ ಚಮಚಗಳನ್ನು ಮುಳ್ಳಿನ ಬುಡಕ್ಕೆ ಎದುರುಬದುರಾಗಿ ಕೊಟ್ಟು ಅದನ್ನು ಮೀಟಿ ಕಿತ್ತಳು. ಎರಡು ತಿರುಪು ತೆಗೆದು, ಯಂತ್ರವನ್ನು ಅದರ ಬೆನ್ನಿನ ಮುಚ್ಚಳವೇ ಆದ ಡಬ್ಬಿಯಿಂದ ಹೊರಗೆಳೆದು ಬಿಳಿ ಬಟ್ಟೆಯ ಮೇಲಿಟ್ಟಳು. ಮೊದಲ ಹಲ್ಲುಗಾಲಿಯಲ್ಲಿ ಎರಡು ಹಲ್ಲು ಇರಲಿಲ್ಲ, ಪಕ್ಕದಲ್ಲೇ ಸ್ಕ್ರೂಡ್ರೈವರಿನ ಮೊನೆ ಊರಿದ ಕಚ್ಚು ಇತ್ತು. ಯಾರೋ ಉರುಳೆಗಳನ್ನು ಪೋಣಿಸಿದ ಅಚ್ಚುಕಡ್ಡಿ ಎಳೆಯುವ ತಾಳ್ಮೆಯಿಲ್ಲದೆ ಅವುಗಳನ್ನು ಮೀಟಿ ತಿರುಗಿಸಿದ್ದರು. ಆಗ ಸೀಳಿದ ಗಾಲಿ ಎರಡು ತಿಂಗಳು ಹೇಗೋ ಹಲ್ಲು ಕಚ್ಚಿಕೊಂಡಿದ್ದು ಈಗ ಉದುರಿಸಿತ್ತು.

ತಾನೂ ಅಂಕಿ ಗೀಚೋಣವೆಂದು ಸೂಜಿ ತೆಗೆದು ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಒಳಮೈಯಲ್ಲಿ ಆಗಲೇ ಬರೆದಿತ್ತು. 138460. ಪಕ್ಕದಲ್ಲಿ ಒಂದು ಕೊಕ್ಕೆ.

ಅವಳು ಸೂಜಿಯನ್ನು ಕೆಳಗಿಟ್ಟಳು. ಎದೆಯ ಒಳಗಿಂದ ಬಿಸಿ ಎದ್ದು ಕಿವಿಗೆ ಬಂತು.

ಲೆಕ್ಕ ಮಾಡಲು ಕಾಗದವೂ ಬೇಕಿರಲಿಲ್ಲ. ಒಂದನ್ನು ಸೊನ್ನೆ ಮಾಡಿದ್ದಾನೆ, ಮೂರನ್ನು ಐದು ಮಾಡಿದ್ದಾನೆ. ಉಳಿದ ನಾಲ್ಕನ್ನು ಮುಟ್ಟುವಷ್ಟು ಶ್ರಮವನ್ನೂ ಪಡಲಿಲ್ಲ. ಎಂಬತ್ತು ಸಾವಿರ ಕಿಲೋಮೀಟರ್ ಎರಡು ಬೆರಳಿನಲ್ಲಿ ಅಳಿಸಿಹೋಗಿತ್ತು. ಆದರೆ ಅಳಿಸುವ ಮೊದಲು ಆ ಕೈ, ಅಂಗಳದ ಯಜಮಾನನ ಮಾತಿಗಿಂತ ಹಳೆಯ ಮಾತೊಂದನ್ನು ಕೇಳಿ, ನಿಜವನ್ನು ಗೀಚಿಬಿಟ್ಟಿತ್ತು. ತಾನು ಗೀಚಿದ್ದು ಅವನಿಗೇ ಗೊತ್ತಿರಲಾರದು. ಉಗುರು ಕಚ್ಚುವವನಿಗೆ ಕಚ್ಚಿದ್ದು ಗೊತ್ತಿರುತ್ತದೆಯೇ?

ಅವಳಿಗೆ ಅಪ್ಪ ನೆನಪಾಗಲಿಲ್ಲ, ಅಳು ಬರಲಿಲ್ಲ. ನೆನಪಾದದ್ದು ಆ ಸಣ್ಣ ಪುಸ್ತಕ. ಒಂದೊಂದು ದಿನಕ್ಕೆ ಒಂದೊಂದು ಸಾಲು, ದುಂಡಗಿನ ಅಕ್ಷರ, ಕೆಳಗೆ ಗೆರೆ. ಇಷ್ಟು ಜಾಗರೂಕತೆಯ ಹೆಂಗಸನ್ನು ಅವಳ ಜಾಗರೂಕತೆಯಿಂದಲೇ ಕುರುಡು ಮಾಡಿದ್ದರು. ಬದಲಾಯಿಸಬೇಕಾದ ಬೆಲ್ಟಿನ ಮೇಲೆ ನಲವತ್ತು ಸಾವಿರ ಹೆಚ್ಚು ಓಡಿದ ಕಾರಿನಲ್ಲಿ, ಎದ್ದು ಇಳಿಯಲಾರದವರನ್ನು ಕೂರಿಸಿಕೊಂಡು, ಅವಳು ಇಳಿಜಾರಿನಲ್ಲಿ ಓಡಾಡುತ್ತಿದ್ದಳು. ಅದೂ ಮೀಟರಕ್ಕ ಸರಿ ಅಂದಿದ್ದಾಳೆಂಬ ಧೈರ್ಯದಿಂದ.

ಅವಳು ತಮ್ಮನಿಗೆ ಫೋನ್ ಮಾಡಿ ಅಂಗಡಿಗೆ ಬಾ ಅಂದಳು. ಏನು ವಿಷಯ ಅಂದದ್ದಕ್ಕೆ ಬಾ ಅಂದಳು. ಊಟ ಮುಗಿಸಿ ಬರುತ್ತೇನೆ ಅಂದ.

ಕಾಯುತ್ತ ಕೂರುವ ಜಾತಿ ಅವಳದಲ್ಲ. ಸತ್ತ ಮೀಟರುಗಳ ಖಾನೆಯಿಂದ ಅದೇ ಅಳತೆಯ ಗಾಲಿ ಹುಡುಕಿದಳು. ಮೂರು ಸಿಕ್ಕವು, ಎರಡರಲ್ಲಿ ಸೀಳಿತ್ತು. ಗಾಲಿ ಜಾರದಿರಲೆಂದು ಅಚ್ಚುಕಡ್ಡಿಯನ್ನು ಚಾಕುವಿನ ಅಂಚಿನಡಿ ಉರುಳಿಸಿ ತರಿತರಿ ಮಾಡಿ, ಅದರ ಮೇಲೆ ಒತ್ತಿ ಕೂರಿಸಿದಳು. ಉರುಳೆಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಕುಂಚದಿಂದ ತೊಳೆದು, ಒಂದೊಂದರ ನಡುವೆ ಸಾಸಿವೆಯಷ್ಟು ಸಣ್ಣ ಹಲ್ಲುಗಳನ್ನು ಕೂಡಿಸುತ್ತ ಜೋಡಿಸಿದಳು. ಸಿಟ್ಟು ಬಂದಾಗ ಅವಳ ಕೈ ನಡುಗುವುದಿಲ್ಲ, ಇನ್ನೂ ಸ್ಥಿರವಾಗುತ್ತದೆ. 141912. ಆರೂ ಅಂಕಿ ದಾರ ಹಿಡಿದಂತೆ ನಿಂತವು. ಕೊಕ್ಕೆಯ ಕೆಳಗೆ ಆ ಅಂಕಿ ಗೀಚಿ ಒಂದು ಗೆರೆ ಎಳೆದಳು. ಮೋಟಾರು ಹಾಕಿದರೆ ಸದ್ದೇ ಇಲ್ಲ. ಕೊನೆಯ ಉರುಳೆ ಮೆಲ್ಲಗೆ ಮೇಲೇರಿ, ಒಂಬತ್ತು ದಾಟಿ, ಪಕ್ಕದ ಒಂದನ್ನು ಎಬ್ಬಿಸಿ ಎರಡು ಮಾಡಿತು.

ತಮ್ಮ ಎರಡು ಗಂಟೆಗೆ ಬಂದ. ಬಾಗಿಲಲ್ಲೇ ನಿಂತು, ಏನಕ್ಕಾ, ಇವತ್ತು ಯಾರ ಗ್ರಹಚಾರ ಬಿಡಿಸ್ತಿದ್ದೀಯ ಎಂದು ನಗುತ್ತ ಒಳಗೆ ಬಂದವನು ಮೇಜಿನ ಮೇಲಿನ ಅಂಕಿ ನೋಡಿ ನಗು ನಿಲ್ಲಿಸಿದ. ಮೀಟರಕ್ಕ ಖಾಲಿ ಡಬ್ಬಿಯನ್ನು ಅವನ ಮುಂದೆ ಹಿಡಿದಳು. ಅವನು ಅದನ್ನು ಬೆಳಕಿಗೆ ತಿರುಗಿಸಿದ.

"ಇದನ್ನ ನಾನು ಗೀಚಿದ್ದೀನಾ?"

"ಇಲ್ಲ, ನಿಮ್ಮ ಯಜಮಾನ ಬಂದು ನಿನ್ನ ಕೊಕ್ಕೆ ಹಾಕಿ ಹೋದ."

ಅವನಿಗೆ ಸಣ್ಣಗೆ ನಗು ಬಂತು, ತನ್ನ ಕೈಯನ್ನೇ ನೋಡಿಕೊಂಡ. ಅಪ್ಪ ಕೊಟ್ಟ ಏಟು ಇನ್ನೂ ಕೆಲಸ ಮಾಡ್ತಿದೆ ಕಣೇ ಅಂದ. ಅವಳು ನಗಲಿಲ್ಲ. ನನ್ನ ಹೆಸರು ಹೇಳಿದವರು ಯಾರು ಎಂದು ಕೇಳಿದಳು. ಆಯಮ್ಮನ ಎದುರಿಗೇ ಯಜಮಾನರು ಕೇಳಿದಾಗ ಅಕ್ಕನ ಅಂಗಡಿಯಲ್ಲಿ ನೋಡಿಸಿದ್ದು ಅಂತ ಬಾಯಿ ತಪ್ಪಿ ಬಂತು ಅಂದ. ಆಮೇಲೆ ಬೆಣ್ಣೆ ಹಚ್ಚತೊಡಗಿದ. ಅಂಗಳಕ್ಕೆ ಬರುವ ಗಾಡಿಗಳಲ್ಲಿ ಯಾವುದರ ಅಂಕಿ ನಿಜ, ಎಲ್ಲರಿಗೂ ಗೊತ್ತಿರುವುದೇ, ನೀನೊಬ್ಬಳು ಈ ಕಾಲದಲ್ಲಿ ಹುಟ್ಟಬಾರದಿತ್ತು. ಗಾಲಿ ಹೇಗೂ ಹಾಕಿದ್ದೀಯ, ಅಂಕಿಯನ್ನು ಮೊದಲಿದ್ದ ಹಾಗೇ ಇಟ್ಟು, ಡಬ್ಬಿಯ ಒಳಗೆ ಚೂರು ಮರಳು ಕಾಗದ ಉಜ್ಜಿಬಿಡು.

"ಬೆಲ್ಟು?" ಎಂದಳು.

"ಹಿಂದಿನವರು ಬದಲಾಯಿಸಿರ್ತಾರೆ ಬಿಡು."

"ಬದಲಾಯಿಸಿದ್ದಾರಾ? ನೀನು ನೋಡಿದ್ಯಾ?"

ಅವನು ಮೇಜಿನ ಮೇಲಿದ್ದ ಮುರಿದ ಗಾಲಿಯನ್ನು ಬೆರಳಲ್ಲಿ ಹೊರಳಿಸಿದ.

"ನೋಡಿದ್ಯಾ ಅಂತ ಕೇಳಿದೆ ಕಣೋ."

ನೋಡಿರಲಿಲ್ಲ. ಆಗಲೇ ಫೋನ್ ಬಡಿದುಕೊಂಡಿತು. ನರ್ಸಮ್ಮ. ದಿಬ್ಬದ ಮೇಲಿನ ಮನೆಯ ಅಜ್ಜನಿಗೆ ಉಸಿರಾಟ ಸರಿಯಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಮೀಟರ್ ಆಗದಿದ್ದರೂ ಪರವಾಗಿಲ್ಲ, ಕಾರು ಹಾಗೇ ಕೊಡಿ, ಹತ್ತು ನಿಮಿಷದಲ್ಲಿ ಬರುತ್ತೇನೆ ಅಂದಳು. ಮೀಟರಕ್ಕ, ನೀವು ಬೇರೆ ಗಾಡಿಗೆ ಹೇಳಿಬಿಡಿ, ಈ ಕಾರು ಕೊಡುವ ಹಾಗಿಲ್ಲ, ಕಾರಣ ನಾನೇ ಕ್ಲಿನಿಕ್ಕಿಗೆ ಬಂದು ಹೇಳುತ್ತೇನೆ ಎಂದು ಫೋನ್ ಇಟ್ಟಳು. ಕಾರಿನ ಬೀಗದಕೈಯನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು. ಮೀಟರನ್ನು ಡಬ್ಬಿ ಸಮೇತ ಬಿಳಿ ಬಟ್ಟೆಯಲ್ಲಿ ಸುತ್ತಿದಳು.

ತಮ್ಮನ ಮುಖದ ಬಣ್ಣ ಈಗ ನಿಜವಾಗಿ ಇಳಿಯಿತು. ಹೇಳಿದರೆ ನನ್ನ ಕೆಲಸ ಹೋಗುತ್ತದೆ ಅಂದ. ಅದಕ್ಕೆ ಅವಳು ಮಿಸುಕದ್ದು ನೋಡಿ ಬಾಗಿಲಿಗೆ ಅಡ್ಡ ಬಂದ. "ನನ್ನ ಕೆಲಸ ಹಾಗಿರಲಿ. ಬೋರ್ಡಿನ ಮೇಲೆ ಇಬ್ಬರೂ ಇದ್ದೀವಿ. ಕೊಕ್ಕೆ ತಮ್ಮನದು, ಗೆರೆ ಅಕ್ಕನದು ಅಂತ ಜನ ಬಿಡಿಸಿ ನೋಡ್ತಾರಾ? ನಾಳೆಯಿಂದ ನಿನ್ನ ಬಾಗಿಲಿಗೆ ಒಂದು ಮೀಟರೂ ಬರಲ್ಲ."

ಇದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಮೂವತ್ತು ವರ್ಷ ಸವೆಸಿದ ಬೆಂಚು, ಗಂಡ ಅವಳ ಎತ್ತರಕ್ಕೆಂದೇ ಮಾಡಿಕೊಟ್ಟ ಮೇಜು, ಗೋಡೆಯ ತುಂಬ ಮೊಳೆಗೆ ನೇತುಬಿದ್ದ ಕೇಬಲ್ಲುಗಳು. ಒಂದು ಸಲ ಎಲ್ಲದರ ಮೇಲೂ ಕಣ್ಣಾಡಿಸಿದಳು. ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ.

"ಬರದಿದ್ರೆ ಬೇಡ. ನೀನು ನನ್ನ ಜೊತೆ ಬರ್ತೀಯೋ ಇಲ್ವೋ ಹೇಳು. ನಿನ್ನ ಬಾಯಿಂದಲೇ ಆಯಮ್ಮನಿಗೆ ಹೇಳಬೇಕು. ನಿನ್ನ ಕೈಯಿಂದಲೇ ಬೆಲ್ಟ್ ಹಾಕಬೇಕು. ನಾನು ಪಕ್ಕದಲ್ಲಿ ನಿಂತು ನೋಡ್ತೀನಿ."

"ಬರ್ತೀನಿ ಕಣೇ, ಬರಲ್ಲ ಅಂದ್ನಾ? ನಾಳೆ ಬೆಳಿಗ್ಗೆ ಯಜಮಾನರಿಗೆ ಒಂದು ಮಾತು ಹೇಳಿ..."

ಅವಳು ಅವನ ತೋಳಿನ ಕೆಳಗೆ ಬಗ್ಗಿ ಹೊರಗೆ ಬಂದಳು. ಬಿಸಿಲು ಮುಖಕ್ಕೆ ಹೊಡೆಯಿತು. ಮೆಟ್ಟಿಲ ಪಕ್ಕದಲ್ಲಿ, ಮೀಟರ್ ಕಿತ್ತ ಜಾಗದಲ್ಲಿ ವೈರುಗಳು ಹೊರಬಿದ್ದ ಆ ಕಾರು ನಿಂತಿತ್ತು. ಅವಳು ಬಟ್ಟೆಯ ಗಂಟನ್ನು ಎದೆಗೊತ್ತಿಕೊಂಡು ಎರಡೂ ಕಡೆ ನೋಡಿ ರಸ್ತೆಗೆ ಇಳಿದಳು. ಹಿಂದಿನಿಂದ ಅವನು, ಅಕ್ಕಾ, ಒಂದೇ ಒಂದು ದಿನ, ನಾನೇ ಹೋಗಿ ಎಲ್ಲ ಹೇಳ್ತೀನಿ, ಯಾರು ಮಾಡಿದ್ದು ಅನ್ನೋದನ್ನ ಮಾತ್ರ ನೀನು ಈಗ ಹೇಳ್ಬೇಡ, ಎನ್ನುತ್ತಿದ್ದ. ಆ ಹೊತ್ತಿಗೆ ಅವಳು ರಸ್ತೆಯ ಆಚೆ ಬದಿ ಮುಟ್ಟಿ, ಕ್ಲಿನಿಕ್ಕಿನ ಕಡೆಗೆ ತಿರುಗಿಯಾಗಿತ್ತು.